ಹಾಡು ಯಾರನ್ನು ಕೇಳುತ್ತಿದೆ?

(ಬಸವನಗುಡಿಯಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ನನ್ನನ್ನು ಪರಿಚಯಿಸಿದವರು ಸಾಹಿತ್ಯಾಸಕ್ತ ಎಂದರು. ಅದು ಅವರ ದೊಡ್ಡತನ. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕಾಲುವೆ, ತೂಬು, ಸೇತುವೆಗಳ ಅಳತೆ ಪುಸ್ತಕ ಬರೆದು ನಿವೃತ್ತನಾದವನು. ಕಾವ್ಯಮೀಮಾಂಸೆ ಹೇಳುವ ಅಧಿಕಾರ ನನಗಿಲ್ಲ. ಆದರೂ ಈ ವಿಷಯದ ಬಗ್ಗೆ ಮಾತಾಡಲು ನನಗೊಂದು ಅರ್ಹತೆ ಇದೆ ಅಂದುಕೊಂಡಿದ್ದೇನೆ. ಜನ ಸರ್ಕಾರದ ವಿರುದ್ಧ ಹಾಡು ಕಟ್ಟಿದಾಗಲೆಲ್ಲ ಕಚೇರಿಯ ಒಳಗೆ ಕುರ್ಚಿಯ ಮೇಲೆ ಕೂತು ಕಿಟಕಿಯಿಂದ ಅದನ್ನು ಕೇಳಿಸಿಕೊಂಡವರಲ್ಲಿ ನಾನೂ ಒಬ್ಬ. ಹಾಡುವವರ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಕೇಳಿಸಿಕೊಂಡವರ ಬಗ್ಗೆ ಕಡಿಮೆ.

ವಿಷಯ ಪ್ರಕಟವಾದ ಮೇಲೆ ಗೋಷ್ಠಿಯ ಸದಸ್ಯರೊಬ್ಬರು ಫೋನ್ ಮಾಡಿದ್ದರು. "ಸರ್, ಪ್ರತಿಭಟನೆಯ ಹಾಡು ಅಂದರೆ ಘೋಷಣೆ. ಅದರಲ್ಲಿ ಅನುಭಾವ ಎಲ್ಲಿಂದ ಬರಬೇಕು? ನಮ್ಮ ಗೋಷ್ಠಿಗೆ ಇದು ಯಾಕೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಇವತ್ತಿನ ಮಾತು ಹೆಚ್ಚುಕಡಿಮೆ ಅವರಿಗೆ ಕೊಡುವ ಉತ್ತರ.

ನಾವು ಕೂತಿರುವ ಈ ಜಾಗದಿಂದ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗೆ ನಡೆದುಕೊಂಡೇ ಹೋಗಬಹುದು. 1915ರಲ್ಲಿ ಹುಟ್ಟಿದ ಸಂಸ್ಥೆ. ಕನ್ನಡದ ದೊಡ್ಡಮನೆ. 1979ರಲ್ಲಿ ಧರ್ಮಸ್ಥಳದಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಗೋಪಾಲಕೃಷ್ಣ ಅಡಿಗರು ಅಧ್ಯಕ್ಷರು. ಆ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆಂದು ಒಂದು ಪ್ರತ್ಯೇಕ ಗೋಷ್ಠಿ ಇಡಿ ಎಂದು ಕೆಲವು ಲೇಖಕರು ಕೇಳಿದರು. ದೊಡ್ಡಮನೆ ಒಪ್ಪಲಿಲ್ಲ. ಸಾಹಿತ್ಯದಲ್ಲಿ ದಲಿತ, ದಲಿತೇತರ ಎಂಬ ಭೇದ ಯಾಕೆ ಎಂಬುದು ಆಗಿನ ವಾದ. ಕೇಳಲು ಬಹಳ ಸಮಂಜಸವಾಗಿದೆ. ಊಟದ ಮನೆಯಲ್ಲಿ ಕೂತವರು ಹೊರಗೆ ನಿಂತವನಿಗೆ "ಹಸಿವಿನಲ್ಲಿ ಭೇದ ಯಾಕಪ್ಪಾ" ಎಂದ ಹಾಗೆ.

ಕೇಳಿದವರು ಸುಮ್ಮನಾಗಲಿಲ್ಲ. ಅದೇ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ಮಾಡಿದರು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಹಾಗೆ. ಅದಕ್ಕೊಂದು ಘೋಷವಾಕ್ಯ ಕೊಟ್ಟವರು ದೊಡ್ಡಬಳ್ಳಾಪುರದ ನೇಕಾರರ ಮನೆಯಿಂದ ಬಂದ ಡಿ.ಆರ್. ನಾಗರಾಜ್, ಆಗ ಇಪ್ಪತ್ತೈದರ ಹುಡುಗ. ಕಾವ್ಯ ಕತ್ತಿಯಾಗಲಿ ಎಂಬುದು ಅದರ ಮೊದಲರ್ಧ, ಅದು ನಿಮಗೆಲ್ಲ ಗೊತ್ತು. ಎರಡನೆಯ ಅರ್ಧವನ್ನು ಬಹಳ ಜನ ಮರೆತಿದ್ದಾರೆ. ಜನರ ನೋವಿಗೆ ಸ್ಪಂದಿಸುವ ಜೀವದ ಗೆಳೆಯನೂ ಆಗಲಿ ಎಂಬ ಆಶಯ ಅದರಲ್ಲಿದೆ. ಕತ್ತಿ ಮತ್ತು ಗೆಳೆಯ, ಎರಡೂ ಒಂದೇ ವಾಕ್ಯದಲ್ಲಿ. ನಲವತ್ತೈದು ವರ್ಷಗಳಲ್ಲಿ ಬಂಡಾಯದ ವಿರೋಧಿಗಳೂ ಅಭಿಮಾನಿಗಳೂ ಸೇರಿಕೊಂಡೇ ಈ ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿದ್ದಾರೆ ಎಂದು ನನಗನ್ನಿಸುತ್ತದೆ. ಕತ್ತಿಗೆ ಹೆದರಿದವರು ಒಂದು ಕಡೆ, ಕತ್ತಿಯನ್ನೇ ಝಳಪಿಸಿದವರು ಇನ್ನೊಂದು ಕಡೆ. ಗೆಳೆಯನನ್ನು ಇಬ್ಬರೂ ಮಾತಾಡಿಸಲಿಲ್ಲ.

ಆ ಇಬ್ಬಗೆಯೂ ಒಟ್ಟಿಗೆ ಇದ್ದ ಕವಿ ಸಿದ್ಧಲಿಂಗಯ್ಯನವರು. ಅವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಮಂಚನಬೆಲೆ ಎಂದಾಗ ನಮ್ಮಂಥ ಇಂಜಿನಿಯರುಗಳಿಗೆ ನೆನಪಾಗುವುದು ಅರ್ಕಾವತಿಯ ಜಲಾಶಯ. ನಮ್ಮ ನಕ್ಷೆಗಳಲ್ಲಿ ಊರು ಇರುತ್ತದೆ, ಕೇರಿ ಇರುವುದಿಲ್ಲ. ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರೇ 'ಊರುಕೇರಿ'. ಅದರ ಆರಂಭದಲ್ಲೇ ಒಂದು ದೃಶ್ಯ ಬರುತ್ತದೆ. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಒಬ್ಬ ಉಳುತ್ತಿದ್ದಾನೆ. ಎಳೆಯುತ್ತಿದ್ದವರಲ್ಲಿ ಒಬ್ಬರು ಅವರ ತಂದೆ. ಇಂಥದ್ದನ್ನು ಬರೆಯುವಾಗ ಸಿದ್ಧಲಿಂಗಯ್ಯನವರು ಹಲ್ಲು ಕಚ್ಚುವುದಿಲ್ಲ, ನೋಡಿದ ಹುಡುಗನ ಕಣ್ಣಿನಿಂದ ಹೇಳಿ ಮುಂದಕ್ಕೆ ಹೋಗುತ್ತಾರೆ. ಓದಿದ ನಾವು ಮುಂದಕ್ಕೆ ಹೋಗಲಾರೆವು.

ಆಮೇಲೆ ಅವರ ಕುಟುಂಬ ಬೆಂಗಳೂರಿಗೆ ಬಂತು. ಶ್ರೀರಾಮಪುರದಲ್ಲಿ ಬೆಳೆದರು. ಮಲ್ಲೇಶ್ವರದ ಸಂಪಿಗೆ ರಸ್ತೆಯ ಕಡೆಯಿಂದ ರೈಲು ಹಳಿ ದಾಟಿದರೆ ಶ್ರೀರಾಮಪುರ. ಈ ಕಡೆ ಸಂಗೀತ ಸಭೆ, ಗ್ರಂಥಾಲಯ, ಮರಗಳ ಸಾಲು. ಆ ಕಡೆ ಗಿರಣಿ ಕಾರ್ಮಿಕರ ವಠಾರ, ಗುಡಿಸಲು. ಮನೆಯಲ್ಲಿ ಓದಲು ಜಾಗವಿಲ್ಲದೆ ಅವರು ಸ್ಮಶಾನಕ್ಕೆ ಹೋಗಿ ಕೂತು ಓದುತ್ತಿದ್ದರು. ತಮಾಷೆಯಾಗಿ ಇದನ್ನು ಸಭೆಗಳಲ್ಲಿ ಹೇಳಿ ನಗಿಸುತ್ತಿದ್ದರು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಆ ಹೆಸರನ್ನು ಪುಸ್ತಕದ ಮೇಲೆ ಅಚ್ಚು ಹಾಕಿಸುವುದೇ ಆಗ ಒಂದು ಪ್ರತಿಭಟನೆ. ಅಂಗಡಿಯಲ್ಲಿ ಕೇಳಿ ಕೊಳ್ಳಬೇಕಾದರೆ ನಾವು ಆ ಶಬ್ದವನ್ನು ಬಾಯಿಬಿಟ್ಟು ಗೌರವದಿಂದ ಉಚ್ಚರಿಸಬೇಕಲ್ಲ! ಅಲ್ಲಿಯವರೆಗೆ ಬೈಗುಳವಾಗಿ ಬಂದ ಮಾತು ಮೊದಲ ಸಲ ಕವಿಯ ವಿಳಾಸವಾಗಿ ಬಂತು.

ಇದರ ಹಿಂದಿನ ಎರಡು ವರ್ಷಗಳ ಬಿಸಿಯನ್ನೂ ನೆನೆಯಬೇಕು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಆಗಿನ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ರಾಜ್ಯವೆಲ್ಲ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಸಚಿವರು ರಾಜೀನಾಮೆ ಕೊಟ್ಟರು. ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ಈ ಬಿಸಿಯ ನಂತರ. ಸಿದ್ಧಲಿಂಗಯ್ಯನವರ ಹಾಡುಗಳಿಗೆ ಕಾಲು ಬಂದದ್ದು ಸಮಿತಿಯಿಂದ. ಆಗ ಕ್ಯಾಸೆಟ್ಟಿಲ್ಲ, ಟಿ.ವಿ. ಇಲ್ಲ. ತಮಟೆ, ಒಂದು ಗಟ್ಟಿ ಕಂಠ, ಸೊಲ್ಲು ಹಿಡಿಯಲು ಹತ್ತು ಜನ. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಮೈಸೂರಿನ ಜನಾರ್ಧನ್ ಅವರಂಥ ಗಾಯಕರ ದನಿಯಲ್ಲಿ ನೀವು ಇವನ್ನು ಕೇಳಿರಬಹುದು. ಹಾಡಿದ ಕೂಲಿಕಾರರಲ್ಲಿ ಎಷ್ಟೋ ಜನಕ್ಕೆ ಕವಿಯ ಹೆಸರೇ ಗೊತ್ತಿರಲಿಲ್ಲ. ತತ್ವಪದಗಳಿಗೂ ಹೀಗೇ ಆಗಿದೆಯಲ್ಲವೇ?

ಹಾಡು ಹೀಗೆ ಹರಡಲು ಕಾರಣವೇನು? ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲು ಅಪ್ಪಣೆ ಕೊಡಿ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಬ್ರೌಟನ್ ಎಂಬಲ್ಲಿ ತೂಗುಸೇತುವೆಯೊಂದರ ಮೇಲೆ ಸೈನಿಕರು ಹೆಜ್ಜೆಗೆ ಹೆಜ್ಜೆ ಸೇರಿಸಿ ಹೋದರು. ಸೇತುವೆ ಮುರಿದುಬಿತ್ತು. ಅಂದಿನಿಂದ ಸೇತುವೆಯ ಮೇಲೆ ಸೈನಿಕರು ಹೆಜ್ಜೆ ತಪ್ಪಿಸಿ ನಡೆಯಬೇಕೆಂಬ ಆಜ್ಞೆ ಬಂತು. ಭಾರ ಅಷ್ಟೇ ಇದ್ದರೂ ಸೇತುವೆಯ ಒಳಗಿನ ತೂಗಾಟಕ್ಕೂ ಹೊರಗಿನ ಹೆಜ್ಜೆಗೂ ತಾಳ ಕೂಡಿದರೆ ಸಣ್ಣ ತಳ್ಳು ದೊಡ್ಡ ಅಲೆಯಾಗುತ್ತದೆ. ನಮ್ಮ ಪುಸ್ತಕಗಳಲ್ಲಿ ಅದಕ್ಕೆ ಅನುರಣನ ಎನ್ನುತ್ತಾರೆ. ತಾಳ ಕೂಡದಿದ್ದರೆ ಎಷ್ಟು ಜೋರಾಗಿ ಕುಟ್ಟಿದರೂ ಬರೀ ಸದ್ದು. ಸಿದ್ಧಲಿಂಗಯ್ಯನವರಲ್ಲಿ ಹೊಡಿ ಬಡಿ ಎಂಬ ಧಾಟಿಯ ಪದ್ಯಗಳೂ ಇವೆ. ಅವಕ್ಕೆ ಆಗ ಬಹಳ ಹೆಸರು ಬಂತು, ಬಹಳ ಬೈಗುಳವೂ ಬಂತು. ನನ್ನ ಮಟ್ಟಿಗೆ ಅವು ಅಷ್ಟು ಮುಖ್ಯವಲ್ಲ. ನನಗೆ ದೊಡ್ಡದಾಗಿ ಕಾಣುವುದು 1947ರ ಸ್ವಾತಂತ್ರ್ಯ ಯಾರ ಪಾಲಿಗೆ ದಕ್ಕಿತು ಎಂದು ವಿಚಾರಿಸುವ ಆ ಹಾಡು. ಅದರಲ್ಲಿ ಕೂಗು ಕಡಿಮೆ, ಪ್ರಶ್ನೆ ಹೆಚ್ಚು. ಅಮ್ಮಂದಿರು ಮಗುವನ್ನು ಆಡಿಸುವಾಗ ಹಾಡುವಂಥ ಸರಳ ಲಯ. ಆ ಲಯ ಕೂಲಿಯ ಮನೆಯಲ್ಲೂ ಇದೆ, ಗೌಡರ ಮನೆಯಲ್ಲೂ ಇದೆ. ಹಾಗಾಗಿ ಹಾಡು ಬೇಡವೆಂದರೂ ಒಳಗೆ ಬಂದು ಕೂರುತ್ತದೆ. ಲಯ ನಮ್ಮದು, ಪ್ರಶ್ನೆ ಅವರದು. ಬಾಗಿಲು ಹಾಕಿಕೊಳ್ಳುವುದು ಹೇಗೆ?

ಈಗ ನಾನು ಕಂಡ ಒಂದು ಸಂಗತಿ.

ನಾನು ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ ಬಂದವನು. ಇಂಜಿನಿಯರಿಂಗ್ ಓದುವಾಗ ಚಾಮರಾಜಪೇಟೆಯ ಒಂದು ವಿದ್ಯಾರ್ಥಿನಿಲಯದಲ್ಲಿದ್ದೆ. ನಮ್ಮವರೇ ಹೆಚ್ಚು. ಬೆಳಿಗ್ಗೆ ವಚನ ಪ್ರಾರ್ಥನೆ, ರಾತ್ರಿ ಜೋಳದ ರೊಟ್ಟಿಗಾಗಿ ಜಗಳ. ನನ್ನ ಕೋಣೆಯಲ್ಲಿ ನವಲಗುಂದ ಕಡೆಯ ಹುಡುಗನೊಬ್ಬನಿದ್ದ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಏನಾಯಿತೆಂದು ಈ ಸಭೆಯ ಹಿರಿಯರಿಗೆ ಹೇಳಬೇಕಾಗಿಲ್ಲ. ಕಿರಿಯರಿಗಾಗಿ ಎರಡು ಮಾತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದರು. ನೀರಾವರಿಯಿಂದ ಹೊಲದ ಬೆಲೆ ಏರುತ್ತದೆ, ಹಾಗಾಗಿ ಏರಿದ ಬೆಲೆಯಲ್ಲಿ ಒಂದು ಪಾಲನ್ನು ಸರ್ಕಾರಕ್ಕೆ ಕಟ್ಟಿ ಎಂದು ಬೆಟರ್‌ಮೆಂಟ್ ಲೆವಿ ಹಾಕಿದರು. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಆದರೆ ಎಷ್ಟೋ ಹೊಲಗಳಿಗೆ ನೀರು ಬರಲೇ ಇಲ್ಲ, ಕೆಲವು ಕಡೆ ಬಂದ ನೀರು ಎರೆಭೂಮಿಯಲ್ಲಿ ನಿಂತು ಜವುಳಾಯಿತು, ಹತ್ತಿಯ ಬೆಲೆ ಬಿತ್ತು. ಬಾರದ ನೀರಿಗೆ ಕರ ಕೊಡುವುದು ಹೇಗೆ ಎಂದು ರೈತರು ಎದ್ದರು. ಗೋಲಿಬಾರಾಯಿತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಿದ್ದರು. ಪೊಲೀಸರೂ ಸತ್ತರು. ಇವತ್ತಿಗೂ ಆ ದಿನ ನರಗುಂದದ ವೀರಗಲ್ಲಿಗೆ ಜನ ಹೋಗುತ್ತಾರೆ.

ನನ್ನ ಗೆಳೆಯ ರಜೆಗೆ ಊರಿಗೆ ಹೋಗಿ ಬಂದಾಗ ಒಂದು ಪದ ಕಲಿತುಕೊಂಡು ಬಂದಿದ್ದ. ಗೀಗೀ ಮಟ್ಟು. ಅವರ ಓಣಿಯಲ್ಲಿ ಯಾರೋ ಕಟ್ಟಿದ್ದು. ನಿಲಯದ ಮಾಳಿಗೆಯ ಮೇಲೆ ರಾತ್ರಿ ಅವನು ಹಾಡಿದ. ನಾವು ಹತ್ತು ಹದಿನೈದು ಹುಡುಗರು, ಎಲ್ಲರೂ ರೈತರ ಮಕ್ಕಳು. ಸೊಲ್ಲು ಹಿಡಿದು ನಾವೂ ಹಾಡಿದೆವು, ಅತ್ತೆವು. ಆ ಅಳುವಿನಲ್ಲಿ ಒಂದು ಬಗೆಯ ಸುಖವೂ ಇತ್ತು. ಯಾಕೆಂದರೆ ಹಾಡಿನಲ್ಲಿ ಅನ್ಯಾಯವಾಗಿದ್ದು ನಮಗೆ, ಮಾಡಿದವರು ಎಲ್ಲೋ ವಿಧಾನಸೌಧದಲ್ಲಿ.

ಇದಾಗಿ ಕೆಲವು ತಿಂಗಳಿಗೆ ಒಂದು ಭಾನುವಾರ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಕೊಂಡು ನಿಲಯಕ್ಕೆ ಮರಳುತ್ತಿದ್ದೆವು. ಟೌನ್‌ಹಾಲ್ ಮೆಟ್ಟಿಲ ಮೇಲೆ ಹತ್ತು ಹನ್ನೆರಡು ಯುವಕರು ತಮಟೆ ಹಿಡಿದು ಹಾಡುತ್ತಿದ್ದರು. ನಿಂತು ಕೇಳಿದೆವು. ಮೊದಲು ಸ್ವಾತಂತ್ರ್ಯದ ಹಾಡು. ನಮ್ಮ ಹುಡುಗರು ಜೋರಾಗಿ ಚಪ್ಪಾಳೆ ತಟ್ಟಿದರು, ಸರ್ಕಾರದ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲವಲ್ಲ. ಮುಂದಿನ ಹಾಡು ಬೇರೆ. ಯಾರು ಬರೆದದ್ದೋ ತಿಳಿಯದು. ಊರಿನ ಬಾವಿಯ ಬಗ್ಗೆ. ತೋಡಿದವರು ಯಾರು, ಸೇದುವವರು ಯಾರು, ದೂರದಲ್ಲಿ ಕೊಡ ಇಟ್ಟು ಕಾಯುವವರು ಯಾರು ಎಂಬುದು ಅದರ ತಿರುಳು. ನಮ್ಮ ಗುಂಪಿನ ಚಪ್ಪಾಳೆ ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಚಾಮರಾಜಪೇಟೆಯವರೆಗೆ ಸುಮ್ಮನೆ ನಡೆದೆವು. ನಿಲಯದ ಗೇಟಿನ ಹತ್ತಿರ ನನ್ನ ಗೆಳೆಯ ಹೇಳಿದ, "ಅಲ್ಲೋ, ಅದು ನಮ್ಮ ಊರಿನ ಬಾವೀನ ನೋಡ್ಕೊಂಡ ಬಂದು ಕಟ್ಟಿದಂಗ ಐತಲ್ಲೋ."

ಆ ಹುಡುಗ ಮಾಳಿಗೆಯ ಮೇಲೆ ಅತ್ತಿದ್ದೂ ನಿಜ, ಟೌನ್‌ಹಾಲ್ ಮುಂದೆ ಮೌನವಾದದ್ದೂ ನಿಜ. ಎರಡರಲ್ಲಿ ಯಾವುದು ಕಾವ್ಯದ ಹೆಚ್ಚಿನ ಶಕ್ತಿ? ಈ ಪ್ರಶ್ನೆ ನನ್ನನ್ನು ನಲವತ್ತು ವರ್ಷ ಬಿಟ್ಟಿಲ್ಲ. ನನ್ನವರ ಹಾಡು ನನ್ನನ್ನು ನನ್ನವರ ಜೊತೆ ಕಟ್ಟುತ್ತದೆ. ಅದು ಬೇಕು. ಅದಿಲ್ಲದೆ ಯಾವ ಚಳವಳಿಯೂ ಒಂದು ಫರ್ಲಾಂಗ್ ನಡೆಯಲಾರದು. ಆದರೆ ಇನ್ನೊಬ್ಬರ ಹಾಡು ನನ್ನನ್ನೇ ನಿಲ್ಲಿಸಿ ಕೇಳಿದಾಗ, ಮತ್ತು ಕೇಳಿದ್ದು ನಿಜವೆಂದು ನನ್ನ ಒಳಗೇ ಒಬ್ಬ ಸಾಕ್ಷಿ ಎದ್ದು ನಿಂತಾಗ, ಅಲ್ಲಿ ಆಗುವುದು ಬೇರೆ. ಅದನ್ನು ಅನುಭಾವ ಎಂದರೆ ತಪ್ಪಾಗಲಾರದು ಎಂದು ಮೂರನೆಯ ಸಾಲಿನ ಶರಣರಿಗೆ ಅರಿಕೆ ಮಾಡುತ್ತೇನೆ.

ಎದುರು ಪಕ್ಷದವನ ಮೇಲೂ ಹಾಡು ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಹಳೆಯ ಸಾಕ್ಷಿ ಇದೆ. ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರನ್ನು ಶಾಸನ ಓದುವವರು ಬಲ್ಲರು. ಮುಂಬೈ ಪ್ರಾಂತ್ಯದ ಕಂದಾಯ ಆಡಳಿತದಲ್ಲಿ ಇದ್ದವನು. ಸಂಗೊಳ್ಳಿ ರಾಯಣ್ಣನ ಮೇಲೆ, ಹಲಗಲಿಯ ಬೇಡರ ಮೇಲೆ ನಮ್ಮ ಜನ ಕಟ್ಟಿದ ಲಾವಣಿಗಳನ್ನು ಬರೆಸಿಕೊಂಡು 1880ರ ದಶಕದಲ್ಲಿ ಅನುವಾದ ಸಮೇತ ಅಚ್ಚು ಮಾಡಿಸಿದ. ಹಲಗಲಿಯವರು 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ಎದ್ದವರು. ಅವರನ್ನು ಗಲ್ಲಿಗೆ ಹಾಕಿದ ಅದೇ ಸರ್ಕಾರದ ಸಂಬಳ ತಿನ್ನುವವನು ಅವರ ಹಾಡನ್ನು ಕಾಪಾಡಿದ. ಅವನು ಕುತೂಹಲಕ್ಕೆ ಮಾಡಿದನೋ, ವಿದ್ವತ್ತಿಗೆ ಮಾಡಿದನೋ, ಇರಲಿ. ಸರ್ಕಾರಿ ನೌಕರರಲ್ಲಿ ಅಂಥವರೂ ಇದ್ದರೆಂದು ನನಗೆ ಸ್ವಲ್ಪ ಸಮಾಧಾನ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ವಚನಗಳು ಪ್ರತಿಭಟನೆಯ ಕಾವ್ಯ ಎಂದು ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ, ಹೆಮ್ಮೆಪಡುತ್ತೇವೆ. ಹೌದು. ಹನ್ನೆರಡನೆಯ ಶತಮಾನದಲ್ಲಿ ಅರಸ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿಯೊಬ್ಬರು ದೇವಾಲಯ ಕಟ್ಟುವ ಉಳ್ಳವರನ್ನು ಪ್ರಶ್ನಿಸಿದರು. ಸಮಗಾರ, ಡೋಹರ, ಮಾದಾರ, ಅಂಬಿಗ, ಸೂಳೆ ಎಂದು ಊರು ಕರೆಯುತ್ತಿದ್ದವರು ತಮ್ಮ ಕಾಯಕದ ಹೆಸರಿನಲ್ಲೇ ಮಾತಾಡಿದರು. ಪರಂಪರೆ ಹೇಳುವಂತೆ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗಾಗಿ ಆ ಇಬ್ಬರು ಹಿರಿಯರು ಪ್ರಾಣ ತೆತ್ತರು. ಶರಣರು ಕಲ್ಯಾಣ ಬಿಟ್ಟರು, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರು. ಬರೀ ಭಕ್ತಿಯ ಹಾಡಾಗಿದ್ದರೆ ಯಾವ ಅರಸನೂ ಅಷ್ಟು ಹೆದರುತ್ತಿರಲಿಲ್ಲ.

ಆ ಮಾತು ಮತ್ತೆ ಜನರ ಕೈಗೆ ಬಂದದ್ದು ವಿಜಯಪುರದ ವಕೀಲರೊಬ್ಬರ ಹಟದಿಂದ. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದರು. ಮನೆ ಮಾರಿ ಅಚ್ಚುಕೂಟ ಮಾಡಿದರು. ಆಮೇಲೆ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥ ಮಹನೀಯರು ವಚನಕ್ಕೆ ರಾಗ ಕೊಟ್ಟರು. ಆಕಾಶವಾಣಿಯಲ್ಲಿ ಬೆಳಗಿನ ಹೊತ್ತು ಮನ್ಸೂರರ ದನಿ ಕೇಳಿ ನನ್ನ ತಾಯಿ ಒಲೆ ಮುಂದೆ ಕೈಮುಗಿಯುತ್ತಿದ್ದಳು. ಅದನ್ನು ನಾನು ಕಡಿಮೆ ಎನ್ನಲಾರೆ. ಆದರೆ ಒಂದು ಮಾತು ಈ ಗೋಷ್ಠಿಯಲ್ಲಿ ಬಿಚ್ಚಿ ಹೇಳಬೇಕು. ಉಳ್ಳವರನ್ನು ಕೇಳುವ ವಚನವನ್ನು ನಾವು ಹಾಡುವಾಗ, ನಮ್ಮ ಸಭೆಯಲ್ಲಿ ಉಳ್ಳವರು ಯಾರು ಎಂದು ಯಾರಾದರೂ ತಿರುಗಿ ನೋಡುತ್ತೇವೆಯೇ? ಕಾರಿನಲ್ಲಿ ಬಂದವರೂ ಬಸ್ಸಿನಲ್ಲಿ ಬಂದವರೂ ಆ ಕ್ಷಣಕ್ಕೆ ಬಡವರ ಜಾಗದಲ್ಲೇ ಕೂತುಬಿಡುತ್ತೇವೆ. ಕುಲವನ್ನು ಕೇಳಬೇಡಿ ಎಂಬರ್ಥದ ವಚನ ಹಾಡುವಾಗ ನಾವೆಲ್ಲ ಅವಮಾನ ಉಂಡವರ ಸಾಲಿನಲ್ಲಿ. ಹಾಡು ಮುಗಿದ ಮೇಲೆ ಮದುವೆಯ ಬಯೋಡೇಟಾದಲ್ಲಿ ಒಳಪಂಗಡದ ಕಾಲಂ ತುಂಬುತ್ತೇವೆ. ಕೇಳುವವನ ಕುರ್ಚಿ ಯಾವಾಗಲೂ ಭರ್ತಿ, ಉತ್ತರ ಹೇಳಬೇಕಾದವನ ಕುರ್ಚಿ ಖಾಲಿ. ಟೌನ್‌ಹಾಲ್ ಮುಂದೆ ಆ ದಿನ ನಮಗೆ ಸಿಕ್ಕಿದ್ದು ಈ ಎರಡನೆಯ ಕುರ್ಚಿ. ಕಲ್ಯಾಣದಲ್ಲಿ ವಚನವನ್ನು ಮೊದಲ ಸಲ ಕೇಳಿದವರಿಗೂ ಬಹುಶಃ ಇದೇ ಸಿಕ್ಕಿರಬೇಕು.

ಬಸವಣ್ಣನವರು ಆ ಕುರ್ಚಿಯನ್ನು ತಾವೇ ಮೊದಲು ಎಳೆದುಕೊಂಡು ಕೂತರು. ತಮ್ಮ ಮನಸ್ಸಿನ ಡಾಂಭಿಕತೆಯನ್ನು ಅವರು ಬೈದುಕೊಂಡಷ್ಟು ಬೇರೆ ಯಾರನ್ನೂ ಬೈಯಲಿಲ್ಲ. ತಮ್ಮ ಹುಟ್ಟನ್ನೇ ಚೆನ್ನಯ್ಯ, ಕಕ್ಕಯ್ಯರ ಮನೆತನಕ್ಕೆ ಸೇರಿಸಿ ಹೇಳಿಕೊಂಡರು. ಆಯ್ದಕ್ಕಿ ಲಕ್ಕಮ್ಮನನ್ನು ನೋಡಿ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅರಮನೆಯನ್ನು ಬೈಯಲಿಲ್ಲ, ಹೆಚ್ಚಿನದನ್ನು ತಂದಲ್ಲೇ ಸುರಿದು ಬನ್ನಿ ಎಂದು ಮನೆಯವನನ್ನೇ ಕಳಿಸಿದಳು. ರಾಜಕೀಯ ಪ್ರತಿಭಟನೆ ಎಂದು ನಾವು ಕರೆಯುವುದು ವಿಧಾನಸೌಧದ ಎದುರಿನದನ್ನು. ಅವಳದು ಅಡುಗೆಮನೆಯ ಎದುರು ನಡೆಯಿತು. ಸಂಗ್ರಹ ಎಂಬುದು ಯಾರ ಹೊಟ್ಟೆಯಿಂದ ಬರುತ್ತದೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಅಧಿಕಾರದಲ್ಲಿರುವವರ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವ ಕಥೆ. ಇವತ್ತು ಫ್ರೀಡಂ ಪಾರ್ಕ್ ಆಗಿರುವ ಜಾಗ ಹಿಂದೆ ಸೆಂಟ್ರಲ್ ಜೈಲು. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ ಅವರನ್ನು ಅಲ್ಲಿಟ್ಟಿದ್ದರು. ಸೆರೆಯಲ್ಲಿ ವಾಜಪೇಯಿಯವರು ಬರೆದ ಪದ್ಯಗಳು ಮುಂದೆ ಕೈದಿ ಕವಿರಾಯನ ಹೆಸರಿನಲ್ಲಿ ಪುಸ್ತಕವಾದವು. ಅದೇ ಜೈಲಿನಲ್ಲಿ ರಂಗಭೂಮಿಯ ಸ್ನೇಹಲತಾ ರೆಡ್ಡಿ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಚಂದ್ರಶೇಖರ ಪಾಟೀಲರು, ಚಂಪಾ, ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಜೈಲು ಕಂಡರು. ಮುಂದೆ ಅದೇ ಚಂಪಾ ಚಾಮರಾಜಪೇಟೆಯ ಪರಿಷತ್ತಿಗೆ ಅಧ್ಯಕ್ಷರಾದರು, ಎಂ.ಎಂ. ಕಲಬುರ್ಗಿಯವರ ಕೊಲೆಯಾದಾಗ ಪಂಪ ಪ್ರಶಸ್ತಿಯನ್ನು ಸರ್ಕಾರಕ್ಕೆ ವಾಪಸು ಕೊಟ್ಟರು. 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಪೌರತ್ವದ ದಾಖಲೆಯ ಬಗ್ಗೆ ಪದ್ಯ ಓದಿದ ಸಿರಾಜ್ ಬಿಸರಳ್ಳಿ ಅವರ ಮೇಲೆ ಪೊಲೀಸ್ ಕೇಸು ಬಿತ್ತು. ಅದೇ ದಿನಗಳಲ್ಲಿ ಕಾನ್ಪುರದ ಐಐಟಿಯವರು ಫೈಜ್ ಅಹ್ಮದ್ ಫೈಜ್ ಅವರ ಪದ್ಯವನ್ನು ವ್ಯಾಂಪಸ್ಸಿನಲ್ಲಿ ಹಾಡಿದ ಪ್ರಕರಣ ವಿಚಾರಿಸಲು ಒಂದು ಸಮಿತಿ ಮಾಡಿದರು. ಫೈಜ್ ಅದನ್ನು ಬರೆದದ್ದು 1979ರಲ್ಲಿ, ಪಾಕಿಸ್ತಾನದ ಸರ್ವಾಧಿಕಾರಿ ಜಿಯಾನ ಕಾಲದಲ್ಲಿ. ಇಂಜಿನಿಯರುಗಳು ಪದ್ಯದ ಭಾರಪರೀಕ್ಷೆಗೆ ಸಮಿತಿ ಮಾಡಿದ ಸುದ್ದಿ ಓದಿ ನನಗೆ ನಗು ಬಂತು, ನಮ್ಮ ಕಸುಬಿಗೆ ಅದೊಂದು ಬಾಕಿ ಇತ್ತು. ವಿರೋಧದಲ್ಲಿದ್ದಾಗ ಪದ್ಯ ಬರೆಯುವ ಎಲ್ಲ ಪಕ್ಷದವರೂ ಅಧಿಕಾರಕ್ಕೆ ಬಂದ ಮೇಲೆ ಪದ್ಯಕ್ಕೆ ಹೆದರುತ್ತಾರೆ. ಇಲ್ಲಿ ಪಕ್ಷಭೇದ ಕಾಣೆ.

ಹೆದರಿಕೆಗಿಂತ ಹೆಚ್ಚು ನಾಜೂಕಿನ ಉಪಾಯ ಒಂದಿದೆ. ಅದು ಸನ್ಮಾನ. 1979ರಲ್ಲಿ ಒಂದು ಗೋಷ್ಠಿ ಕೊಡಲೊಪ್ಪದ ಪರಿಷತ್ತು 2015ರಲ್ಲಿ ಶ್ರವಣಬೆಳಗೊಳದಲ್ಲಿ ಸಿದ್ಧಲಿಂಗಯ್ಯನವರನ್ನೇ ಸಮ್ಮೇಳನಾಧ್ಯಕ್ಷರನ್ನಾಗಿ ಮಾಡಿ ಮೆರವಣಿಗೆ ಮಾಡಿತು. ಅದಕ್ಕೂ ಮುಂಚೆ ಅವರು ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು, ಪ್ರಾಧಿಕಾರಗಳ ಅಧ್ಯಕ್ಷರಾಗಿದ್ದರು. ಕವಿ ಮೆತ್ತಗಾದರು ಎಂದು ಅವರ ಜೊತೆಯವರೇ ದೂರಿದ್ದುಂಟು. ನಾನು ಆ ದೂರನ್ನು ಒಪ್ಪುವುದಿಲ್ಲ. ಕೇರಿಯಿಂದ ಬಂದವನು ಕುರ್ಚಿಯಲ್ಲಿ ಕೂತರೆ ಮಾತ್ರ ನಮಗೆ ತತ್ವ ನೆನಪಾಗುವುದು ಯಾಕೆ? 2021ರ ಜೂನ್ 11ರಂದು ಕೋವಿಡ್ ಅವರನ್ನು ಒಯ್ದಿತು. ಮರುವರ್ಷ ಪದ್ಮಶ್ರೀ ಬಂತು. ಸನ್ಮಾನಗಳೆಲ್ಲ ಅವರಿಗೆ ಸಲ್ಲಬೇಕಾದವೇ. ನನ್ನ ತಕರಾರು ಸನ್ಮಾನ ಮಾಡಿದ ನಮ್ಮ ಬಗ್ಗೆ. ಶಾಲು ಹೊದಿಸುವಾಗ ಕೈ ಎರಡೂ ತುಂಬಿರುತ್ತವೆ, ಬಾವಿಯ ಪ್ರಶ್ನೆಗೆ ಉತ್ತರ ಕೊಟ್ಟೆವೆಂದು ಅನ್ನಿಸಿಬಿಡುತ್ತದೆ. ಬಸವಣ್ಣನವರಿಗೆ ನಾವು ಮಾಡಿದ್ದೂ ಇದನ್ನೇ, ವೃತ್ತ ವೃತ್ತದಲ್ಲೂ ಕುದುರೆಯ ಮೇಲೆ ಕೂರಿಸಿ.

ಮೂರನೆಯ ಸಾಲಿನ ಶರಣರು ಫೋನಿನಲ್ಲಿ ಇನ್ನೊಂದು ಮಾತು ಕೇಳಿದ್ದರು. ತಮಟೆಯನ್ನು ಪ್ರಾರ್ಥನಾ ಮಂದಿರದೊಳಗೆ ತರಬಹುದೇ, ಚರ್ಮದ ವಾದ್ಯವಲ್ಲವೇ ಎಂದು. ನಮ್ಮ ಭಜನೆಯ ತಬಲಕ್ಕೆ ಹೊದಿಸಿರುವುದೂ ಚರ್ಮವೇ ಎಂದು ಹೇಳಿದೆ. ಅವರು ನಕ್ಕರು. ಪೂಜ್ಯರ ಮುಂದೆಯೂ ವಿಷಯ ಇಟ್ಟಿದ್ದೇವೆ, ಅವರು ಸಂತೋಷದಿಂದ ಒಪ್ಪಿದ್ದಾರೆ. ಮುಂದಿನ ತಿಂಗಳ ಗೋಷ್ಠಿಗೆ ಶ್ರೀರಾಮಪುರದ ಕಡೆಯಿಂದ ಹಾಡುವ ತಂಡವೊಂದು ಬರಲಿದೆ, ಎಂಟು ಜನ. ಹಾಡುಗಳನ್ನು ಅವರೇ ಆರಿಸುತ್ತಾರೆ, ನಾವು ಪಟ್ಟಿ ಕೇಳಿಲ್ಲ. ಹಾಡಿನ ನಡುವೆ ನಮ್ಮಿಂದ ಭಾಷಣ ಇರುವುದಿಲ್ಲ, ಶಾಲೂ ಇರುವುದಿಲ್ಲ. ಹಾಡು ಮುಗಿದ ಮೇಲೆ ದಾಸೋಹ, ಎಲ್ಲರೂ ಒಂದೇ ಪಂಕ್ತಿ. ಅಡುಗೆಗೆ ಸಹಾಯ ಮಾಡುವವರು ಬೆಳಿಗ್ಗೆ ಎಂಟಕ್ಕೆ ಬರಬೇಕೆಂದು ದಾಸೋಹ ಸಮಿತಿಯವರು ಹೇಳಲು ಹೇಳಿದ್ದಾರೆ.